ಯಾರನ್ನೂ ಬಂಧಿಸದ ಇನ್ಸ್‌ಪೆಕ್ಟರ್

ನಮಸ್ಕಾರ. ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಒಂದು ಮನೆಗೆ ಬರುತ್ತಾನೆ. ಐದು ಜನರನ್ನು ವಿಚಾರಿಸುತ್ತಾನೆ. ಯಾರಿಗೂ ಕೈಕೋಳ ಹಾಕದೆ ಹೊರಟುಹೋಗುತ್ತಾನೆ. ಇದು ಜೆ. ಬಿ. ಪ್ರೀಸ್ಟ್ಲಿ ಅವರ ನಾಟಕ, ‘ಆ್ಯನ್ ಇನ್ಸ್‌ಪೆಕ್ಟರ್ ಕಾಲ್ಸ್’.

[ಪರದೆಯ ಮೇಲೆ: ಇಂಗ್ಲೆಂಡ್, 1912]

ಫ್ಯಾಕ್ಟರಿ ಮಾಲೀಕ ಆರ್ಥರ್ ಬರ್ಲಿಂಗ್ ಮನೆಯಲ್ಲಿ ಮಗಳು ಶೀಲಾಳ ನಿಶ್ಚಿತಾರ್ಥದ ಊಟ ಆಗಿದೆ. ಯುದ್ಧ ಆಗೋದಿಲ್ಲ, ಟೈಟಾನಿಕ್ ಮುಳುಗೋದಿಲ್ಲ ಅಂತ ಭಾಷಣ ಬಿಗಿಯುವ ಬರ್ಲಿಂಗ್, ಕೊನೆಗೆ ಹುಡುಗರಿಗೆ ಬುದ್ಧಿ ಹೇಳುತ್ತಾನೆ: ಅವರವರ ಪಾಡು ಅವರವರು ನೋಡಿಕೊಳ್ಳಬೇಕು. ಆ ಮಾತಿನ ನಡುವೆಯೇ ಬಾಗಿಲ ಗಂಟೆ ಬಾರಿಸುತ್ತದೆ. ಅಲ್ಲಿಯವರೆಗೆ ನಸುಗೆಂಪಾಗಿದ್ದ ರಂಗದ ಬೆಳಕು ಇನ್ಸ್‌ಪೆಕ್ಟರ್ ಗೂಲ್ ಬಂದ ಕೂಡಲೇ ಪ್ರಖರವಾಗಬೇಕು ಅಂತ ಪ್ರೀಸ್ಟ್ಲಿಯೇ ಸೂಚನೆ ಕೊಟ್ಟಿದ್ದಾರೆ.

ಈವಾ ಸ್ಮಿತ್ ಅನ್ನೋ ಹುಡುಗಿ ಸೋಂಕುನಿವಾರಕ ದ್ರಾವಣ ಕುಡಿದು ಸತ್ತಿದ್ದಾಳೆ ಅನ್ನುತ್ತಾನೆ ಗೂಲ್. ಅವಳ ಫೋಟೋ ತೋರಿಸುತ್ತಾನೆ, ಆದರೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ವಾರಕ್ಕೆ ಇಪ್ಪತ್ತೆರಡೂವರೆ ಶಿಲ್ಲಿಂಗ್ ಇದ್ದ ಕೂಲಿಯನ್ನು 25 ಮಾಡಿ ಅಂತ ಮುಷ್ಕರ ಹೂಡಿದ್ದಕ್ಕೆ ಬರ್ಲಿಂಗ್ ಅವಳನ್ನು ಕೆಲಸದಿಂದ ತೆಗೆದಿದ್ದ. ಮುಂದೆ ಸೇರಿದ ಅಂಗಡಿಯಲ್ಲಿ ಅವಳು ನಕ್ಕಳು ಅಂತ ಶೀಲಾ ಸಿಟ್ಟಾಗಿ ಕೆಲಸ ಬಿಡಿಸಿದಳು. ಶೀಲಾಳನ್ನು ಮದುವೆಯಾಗಲಿರುವ ಜೆರಾಲ್ಡ್ ಕೆಲವು ತಿಂಗಳು ಇಟ್ಟುಕೊಂಡು ಕೈಬಿಟ್ಟ. ಇದರಲ್ಲಿ ಯಾವುದಕ್ಕೂ ಕಾನೂನಿನಲ್ಲಿ ಶಿಕ್ಷೆ ಇಲ್ಲ. ಇನ್ಸ್‌ಪೆಕ್ಟರ್ ಕೇಳುತ್ತಿರೋದೂ ಕಾನೂನಿನ ಪ್ರಶ್ನೆ ಅಲ್ಲ.

ನನಗೆ ಇಡೀ ನಾಟಕದಲ್ಲಿ ಮೈ ಜುಮ್ಮೆನ್ನಿಸುವುದು ತಾಯಿ ಸಿಬಿಲ್‌ಳ ವಿಚಾರಣೆ. ಗರ್ಭಿಣಿಯಾದ ಈವಾ ಸಹಾಯ ಕೇಳಿ ಒಂದು ಮಹಿಳಾ ಸಂಘಕ್ಕೆ ಹೋಗಿದ್ದಳು. ಮಗುವಿನ ತಂದೆ ಹಣ ಕೊಡುತ್ತಿದ್ದ, ಅದು ಕದ್ದ ಹಣ ಅಂತ ಗೊತ್ತಾಗಿ ಬೇಡ ಅಂದಿದ್ದಳು. ಸಂಘದಲ್ಲಿ ಪ್ರಭಾವಿಯಾಗಿದ್ದ ಸಿಬಿಲ್ ಆ ಮಾತನ್ನು ನಂಬದೆ ಅವಳನ್ನು ವಾಪಸ್ ಕಳಿಸಿದಳು. ‘ಆ ಮಗುವಿನ ತಂದೆಯನ್ನು ಹಿಡಿಯಿರಿ, ಎಲ್ಲರ ಮುಂದೆ ತಪ್ಪೊಪ್ಪಿಸಿ’ ಅಂತ ಈಗಲೂ ಗುಡುಗುತ್ತಾಳೆ. ಸುಳಿವು ಸಿಕ್ಕ ಶೀಲಾ ‘ಅಮ್ಮಾ, ಸಾಕು’ ಅಂತ ತಡೆಯುತ್ತಾಳೆ. ಸಿಬಿಲ್ ನಿಲ್ಲಿಸೋದಿಲ್ಲ. ಕೊನೆಗೆ ಬಾಗಿಲು ತೆಗೆದು ಒಳಗೆ ಬರುವವನು ಅವಳ ಮಗ ಎರಿಕ್. ಅವನೇ ಆ ತಂದೆ. ಗೂಲ್ ಕೇಳಿದ್ದು ಕೆಲವೇ ಪ್ರಶ್ನೆ, ತೀರ್ಪು ಕೊಟ್ಟಿದ್ದು ಹೆತ್ತ ತಾಯಿ.

ಹೊರಡುವ ಮೊದಲು ಗೂಲ್ ಹೇಳುತ್ತಾನೆ: ನಾವೆಲ್ಲ ಒಂದೇ ದೇಹದ ಅಂಗಗಳು, ಒಬ್ಬರಿಗೊಬ್ಬರು ಹೊಣೆ. ಇದನ್ನು ಕಲಿಯದಿದ್ದರೆ ಬೆಂಕಿ, ರಕ್ತ, ಸಂಕಟ ಕಲಿಸುತ್ತವೆ. ಉಪದೇಶ ಜಾಸ್ತಿಯಾಯಿತು ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ನಾಟಕ ಮೊದಲು ಆಡಿದ್ದು 1945ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ. ಲಂಡನ್‌ಗೆ ಬಂದಿದ್ದು 1946ರಲ್ಲಿ. ನೋಡುತ್ತಾ ಕೂತವರು ಮಹಾಯುದ್ಧದಲ್ಲಿ ಆ ಬೆಂಕಿ, ಆ ರಕ್ತ ಎರಡನ್ನೂ ಕಂಡು ಬಂದವರು.

[ಪರದೆಯ ಮೇಲೆ: ಹಾಗಾದರೆ ಗೂಲ್ ಯಾರು?]

ಅವನು ಹೋದ ಮೇಲೆ ಜೆರಾಲ್ಡ್ ತನಿಖೆ ಶುರು ಮಾಡುತ್ತಾನೆ. ಆ ಹೆಸರಿನ ಇನ್ಸ್‌ಪೆಕ್ಟರೇ ಇಲ್ಲ. ನೋಡಿದವರೆಲ್ಲ ಕಂಡಿದ್ದು ಒಂದೇ ಫೋಟೋನಾ? ಒಬ್ಬಳೇ ಹುಡುಗಿನಾ? ಆಸ್ಪತ್ರೆಗೆ ಫೋನ್ ಮಾಡಿದರೆ ಅಂಥ ಸಾವೇ ಆಗಿಲ್ಲ. ಬರ್ಲಿಂಗ್‌ಗೆ ಹೋದ ಜೀವ ಬಂದಂತಾಗುತ್ತದೆ.

ಶೀಲಾ ಮತ್ತು ಎರಿಕ್ ಮಾತ್ರ ಈ ಖುಷಿಗೆ ಸೇರೋದಿಲ್ಲ. ಐದು ಬೇರೆ ಬೇರೆ ಹುಡುಗಿಯರೇ ಆಗಿರಲಿ, ಐವರೂ ಮಾಡಿದ್ದು ಮಾಡಿದ್ದೇ ಅಲ್ವಾ? ‘ಎಲ್ಲಾ ಸರಿಹೋಯಿತು, ಉಂಗುರ ಹಾಕಿಕೋ’ ಅನ್ನುತ್ತಾನೆ ಜೆರಾಲ್ಡ್. ಈಗಲೇ ಬೇಡ, ಯೋಚಿಸಬೇಕು ಅನ್ನುತ್ತಾಳೆ ಶೀಲಾ. ಅಷ್ಟರಲ್ಲಿ ಪೊಲೀಸರಿಂದ ಫೋನ್ ಬರುತ್ತದೆ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಒಬ್ಬ ಹುಡುಗಿ ಸತ್ತಿದ್ದಾಳೆ. ವಿಚಾರಣೆಗೆ ಇನ್ಸ್‌ಪೆಕ್ಟರ್ ಒಬ್ಬರು ಹೊರಟಿದ್ದಾರಂತೆ.