ರಾಜನಿಗೂ ಮತವಿಲ್ಲದ ಸಭೆ, ಒಂದೇ ವರ್ಷದ ಮಾಡರೇಟರ್

[ದೃಶ್ಯ: ಕಬ್ಬನ್ ರಸ್ತೆ, ಕೆಂಪು ಬಣ್ಣದ ಚರ್ಚ್]

ನಮಸ್ಕಾರ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್ ನೋಡಿದ್ದೀರಾ? 1866ರಲ್ಲಿ ಬಾಗಿಲು ತೆರೆದ ಈ ಚರ್ಚನ್ನು ಕಟ್ಟಿಸಿದವರು ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್ನರು, ಅಂದರೆ ಬಿಷಪ್ಪರ ಬದಲು ಪಾಸ್ಟರ್ ಮತ್ತು ಹಿರಿಯರ ಸಭೆಗಳೇ ಚರ್ಚ್ ನಡೆಸಬೇಕು ಅನ್ನುವ ಕ್ರೈಸ್ತರು. ಇವತ್ತು ಅದು ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಗೆ ಸೇರಿದ ಚರ್ಚ್. ಸಿಎಸ್ಐಗೆ ಮಾಡರೇಟರ್, ಅಂದರೆ ಸಭೆ ನಡೆಸುವ ಮುಖ್ಯಸ್ಥರು ಇದ್ದಾರೆ, ಅವರು ಬಿಷಪ್ ಕೂಡ. ಆದರೆ ಈ ಕಟ್ಟಡ ಕಟ್ಟಿಸಿದವರ ಮೂಲದ ಸ್ಕಾಟ್‌ಲೆಂಡಿನ ಚರ್ಚಿನಲ್ಲಿ ಬಿಷಪ್ಪರೇ ಇಲ್ಲ. ಹಾಗಾದ್ರೆ ಅಲ್ಲಿ ದೊಡ್ಡವರು ಯಾರು?

[ದೃಶ್ಯ: ಎಡಿನ್‌ಬರೋ, ಅಸೆಂಬ್ಲಿ ಹಾಲ್]

ಸಾಮಾನ್ಯವಾಗಿ ಮೇ ತಿಂಗಳಲ್ಲಿ ಇಲ್ಲಿ ಚರ್ಚ್ ಆಫ್ ಸ್ಕಾಟ್‌ಲೆಂಡ್‌ನ ಮಹಾಸಭೆ ಸೇರುತ್ತದೆ. ಪಾಸ್ಟರ್‌ಗಳ ಜೊತೆ ಸಭೆಯ ಹಿರಿಯರೂ, ಅಂದರೆ ಪಾಸ್ಟರ್ ಅಲ್ಲದೆಯೂ ಚರ್ಚಿನ ಆಡಳಿತ ನೋಡುವವರೂ ಕೂರುತ್ತಾರೆ. ಈ ಸಭೆ ನಡೆಸಲು ಆರಿಸಿ ಬಂದವರೇ ಮಾಡರೇಟರ್. ಅವಧಿ ಒಂದೇ ವರ್ಷ. ಮಾತಾಡಲು ಅವಕಾಶ ಕೊಡುವುದು, ಚರ್ಚೆ ಹಳಿ ತಪ್ಪದಂತೆ ನೋಡುವುದು, ಉಳಿದ ದಿನಗಳಲ್ಲಿ ಊರೂರು ತಿರುಗಿ ಜನರ ಮಾತು ಕೇಳುವುದು ಅವರ ಕೆಲಸ. 2023ರಲ್ಲಿ ಚಾರ್ಲ್ಸ್ ರಾಜನ ಪಟ್ಟಾಭಿಷೇಕದಲ್ಲಿ ಬೈಬಲ್ ಕೈಗಿತ್ತವರೂ ಆಗಿನ ಮಾಡರೇಟರ್ ಇಯಾನ್ ಗ್ರೀನ್‌ಶೀಲ್ಡ್ಸ್. ಇಷ್ಟು ಗೌರವ ಇದ್ದರೂ ಒಬ್ಬರೇ ಕೂತು ಚರ್ಚಿನ ನೀತಿ ಬದಲಿಸುವಂತಿಲ್ಲ.

ರಾಜನಿಗಂತೂ ಇಲ್ಲಿ ಅಧಿಕಾರವೇ ಇಲ್ಲ. ಅವರ ಪ್ರತಿನಿಧಿ ಮೇಲಿನ ಗ್ಯಾಲರಿಯಲ್ಲಿ ಕೂರುತ್ತಾರೆ. ಆ ಗ್ಯಾಲರಿ ಲೆಕ್ಕಕ್ಕೆ ಸಭಾಂಗಣದ ಹೊರಗೇ! ಮತ ಹಾಕುವಂತಿಲ್ಲ. ಚರ್ಚಿಗೆ ತಲೆ ಕ್ರಿಸ್ತ ಒಬ್ಬನೇ, ಮಿಕ್ಕವರೆಲ್ಲ ಸಮಾನರು ಅನ್ನುವುದು ಇವರ ನಂಬಿಕೆ. ನನಗೆ ಇದು ತುಂಬಾ ಇಷ್ಟವಾಗುವುದು ಅವರು ಅದನ್ನು ಕುರ್ಚಿ ಹಾಕುವ ಜಾಗದಲ್ಲೂ ಪಾಲಿಸುವುದಕ್ಕೆ.

[ದೃಶ್ಯ: 2004]

ಆ ವರ್ಷ ಆಲಿಸನ್ ಎಲಿಯಟ್ ಮಾಡರೇಟರ್ ಆದರು. ಮೊದಲ ಮಹಿಳೆ. ಪಾಸ್ಟರ್ ಕೂಡ ಅಲ್ಲ, ಸಭೆಯ ಹಿರಿಯರು. ಪಾಸ್ಟರ್ ಅಲ್ಲದವರು ಆ ಕುರ್ಚಿಯಲ್ಲಿ ಕೂತದ್ದು 16ನೇ ಶತಮಾನದ ಜಾರ್ಜ್ ಬುಕಾನನ್ ನಂತರ ಅವರೇ. ಹೆಂಗಸರು ಪಾಸ್ಟರ್ ಆಗಬಹುದೆಂದು ಈ ಚರ್ಚ್ ಒಪ್ಪಿದ್ದೇ 1968ರಲ್ಲಿ. ಅಲ್ಲಿಂದ ಈ ಕುರ್ಚಿಗೆ ಬರಲು 36 ವರ್ಷ. ಜಾಸ್ತಿಯೇ ಆಯ್ತು ಅಲ್ವಾ?

ಇನ್ನೊಂದು ವಿಷಯ ಹೇಳಲೇಬೇಕು. 1697ರ ಬ್ಯಾರಿಯರ್ ಆಕ್ಟ್ ಎಂಬ ನಿಯಮ. ನಂಬಿಕೆ, ಆರಾಧನೆ, ಆಡಳಿತದಲ್ಲಿ ದೊಡ್ಡ ಬದಲಾವಣೆ ತರಬೇಕಾದರೆ ಮಹಾಸಭೆ ಒಪ್ಪಿದರೆ ಸಾಲದು. ಅದು ಪ್ರೆಸ್ಬಿಟರಿಗಳಿಗೆ, ಅಂದರೆ ಆಯಾ ಪ್ರದೇಶದ ಸಭೆಗಳಿಗೆ ಹೋಗಬೇಕು. ಹೆಚ್ಚಿನವು ಒಪ್ಪಿದ ಮೇಲೆ ಮತ್ತೆ ಮಹಾಸಭೆಗೆ ಬರಬೇಕು. ಅಷ್ಟರಲ್ಲಿ ಒಂದು ವರ್ಷವಾದರೂ ಕಳೆದಿರುತ್ತದೆ. ಚರ್ಚೆ ಶುರುವಾದಾಗ ಕುರ್ಚಿಯಲ್ಲಿದ್ದವರು ಕೆಳಗಿಳಿದಿರುತ್ತಾರೆ. ಕೊನೆಯ ತೀರ್ಮಾನ ಓದುವುದು ಇನ್ನೊಬ್ಬ ಮಾಡರೇಟರ್.