ಗಿರಾಕಿಯಾಗಿ ಪೇಟೆಗೆ: ಬೆಂಗಳೂರಿನ ಹಳೆಯ ಊರಿನ ತಿಂಡಿ, ಕಟ್ಟಡ, ಹಳೆಯ ಸಾಮಾನು

ಸಭೆಯಲ್ಲಿ ನೆರೆದಿರುವ ಹಿರಿಯರೇ, ಸ್ನೇಹಿತರೇ,

ಹಳೆಯ ಬೆಂಗಳೂರು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬಸವನಗುಡಿಯನ್ನೋ ಮಲ್ಲೇಶ್ವರವನ್ನೋ ಹೆಸರಿಸುತ್ತಾರೆ. ಆ ಎರಡೂ ಬಡಾವಣೆಗಳು 19ನೇ ಶತಮಾನದ ಕೊನೆಗೆ, ಅದರಲ್ಲೂ 1898ರ ಪ್ಲೇಗಿನ ನಂತರ, ಇಕ್ಕಟ್ಟಿನ ಊರನ್ನು ಬಿಟ್ಟು ಗಾಳಿ ಬೆಳಕು ಅರಸಿ ಹೊರಟ ಜನರಿಂದ ತುಂಬಿಕೊಂಡವು. ಹಾಗೆ ಅವರು ಬಿಟ್ಟು ಹೊರಟ ಊರೇ ಪೇಟೆ. ಇಂದಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ ಕೆಂಪೇಗೌಡ ರಸ್ತೆಯವರೆಗೆ ಹರಡಿರುವ ಆ ಕಿರುಬೀದಿಗಳಿಗೆ ಮದುವೆಯ ಸೀರೆ ಕೊಳ್ಳಲು, ಪಠ್ಯಪುಸ್ತಕ ಹುಡುಕಲು, ಸ್ವಿಚ್ಚು ವೈರು ತರಲು ನಾವೆಲ್ಲರೂ ಹೋಗಿದ್ದೇವೆ; ಆದರೆ ಅದನ್ನೊಂದು ನೋಡತಕ್ಕ ಸ್ಥಳವೆಂದು ಭಾವಿಸಿ ಹೋದವರು ಕಡಿಮೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಪೇಟೆಯನ್ನು ಇಷ್ಟು ಶತಮಾನಗಳ ಕಾಲ ಉಳಿಸಿಕೊಂಡು ಬಂದಿರುವುದು ಅಲ್ಲಿನ ವ್ಯಾಪಾರ, ಆದುದರಿಂದ ಅದನ್ನು ಅರಿಯಬೇಕಾದವರು ಗಿರಾಕಿಗಳಾಗಿಯೇ ಹೋಗಬೇಕು.

ಮೊದಲಿಗೆ ಊರಿನ ಕಟ್ಟು ಹೇಗಿದೆ ಎನ್ನುವುದನ್ನು ನೋಡೋಣ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆಯೊಂದನ್ನು ಕಟ್ಟಿ ಅದರೊಳಗೆ ಎರಡು ದೊಡ್ಡ ಬೀದಿಗಳನ್ನು ಹಾಯಿಸಿದರು: ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಎರಡೂ ಕೂಡುವ ಚೌಕದಿಂದ ನಾಲ್ಕು ಎತ್ತಿನ ಜೋಡಿಗಳನ್ನು ನಾಲ್ಕು ದಿಕ್ಕಿಗೆ ಉಳುತ್ತಾ ಬಿಟ್ಟು ಬೀದಿಗಳ ಗೆರೆಯನ್ನು ಹಾಕಲಾಯಿತು ಎಂಬ ಪ್ರತೀತಿಯಿದೆ. ಈ ಬೀದಿಗಳು ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ಲುಗಳ ಕಡೆಗೆ ಹೋಗುವ ದಾರಿಗಳನ್ನು ಸೇರುತ್ತಿದ್ದವು. ಕೋಟೆಯ ಆ ಬಾಗಿಲುಗಳು ಈಗಿಲ್ಲ. ಆದರೂ ಹಲಸೂರಿನಿಂದ ಬಹುದೂರದಲ್ಲಿರುವ, ನಗರ್ತಪೇಟೆಯ ಮಗ್ಗುಲಿನ ಪೊಲೀಸ್ ಠಾಣೆಯನ್ನು ಇವತ್ತಿಗೂ ‘ಹಲಸೂರು ಗೇಟ್ ಠಾಣೆ’ ಎಂದೇ ಕರೆಯುತ್ತಾರೆ. ಊರಿನ ಮೂಡಣ ಬಾಗಿಲು ಎಲ್ಲಿತ್ತೆಂದು ತಿಳಿಯಲು ಅದೊಂದು ಸಾಕು. ಎರಡು ಹೆಬ್ಬೀದಿಗಳ ಅಕ್ಕಪಕ್ಕದಲ್ಲಿ ಒಂದೊಂದು ಕಸುಬಿನವರಿಗೆ ಒಂದೊಂದು ಪೇಟೆ ಬೆಳೆಯಿತು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತರಗುಪೇಟೆ ಎಂಬ ಹೆಸರುಗಳು ನಿಮಗೆಲ್ಲ ಪರಿಚಿತ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಪಟ್ಟೇಗಾರರು, ಖತ್ರಿಗಳು ಮೊದಲಾದ ನೇಕಾರರ ಕೆಲಸವನ್ನು, ಅವರು ಬಳಸುತ್ತಿದ್ದ ಬಣ್ಣಗಳ ಸಮೇತ ವಿವರವಾಗಿ ಬರೆದಿಟ್ಟಿದ್ದಾನೆ. ಇನ್ನೂರು ವರ್ಷಗಳ ಮೇಲೂ ಅದೇ ಊರಿನಲ್ಲಿ ರೇಷ್ಮೆಯೇ ಮುಖ್ಯ ವ್ಯಾಪಾರವಾಗಿ ಉಳಿದಿರುವುದನ್ನು ಯೋಚಿಸಿದರೆ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಪೇಟೆಗೆ ಹೋಗುವ ಹೊತ್ತು ಬಹಳ ಮುಖ್ಯ. ಮಧ್ಯಾಹ್ನ ಹನ್ನೆರಡಕ್ಕೆ ಹೋದವರು ಜನಜಂಗುಳಿಯನ್ನು ಬಿಟ್ಟು ಬೇರೇನನ್ನೂ ಕಾಣಲಾರರು. ಬೆಳಕು ಹರಿಯುವ ಮುನ್ನ ಕೆ.ಆರ್. ಮಾರುಕಟ್ಟೆಯ ಒಳಗೆ ನಿಂತಿರಬೇಕು. ಈ ಕಟ್ಟಡ 1928ರದು. ಅದಕ್ಕೂ ಮೊದಲು, 1905ರಲ್ಲಿ, ಶಿವನಸಮುದ್ರದಿಂದ ಬಂದ ವಿದ್ಯುತ್ತಿನ ದೀಪಗಳು ಈ ಊರಿನಲ್ಲಿ ಹತ್ತಿದಾಗ ಮೊದಲು ಬೆಳಗಿದ ಜಾಗಗಳಲ್ಲಿ ಈ ಮಾರುಕಟ್ಟೆಯ ಸುತ್ತಮುತ್ತಲೂ ಒಂದು. ಒಳಗಿನ ಅಂಗಳದಲ್ಲಿ ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಕನಕಾಂಬರಗಳ ರಾಶಿಗಳು ನೆಲದ ಮೇಲೆ ಬಿದ್ದಿರುತ್ತವೆ, ಮೇಲಿನ ಅಂತಸ್ತಿನ ಕಟಾಂಜನದ ಬಳಿ ನಿಂತರೆ ಇಡೀ ವ್ಯವಹಾರ ಕಣ್ಣಿಗೆ ಕಟ್ಟುತ್ತದೆ. ಸಗಟು ಹೂವು ಕೆ.ಜಿ. ಲೆಕ್ಕದಲ್ಲಿ ಹೋದರೆ, ಕಟ್ಟಿದ ಹೂವು ಮೊಳ, ಮಾರುಗಳ ಲೆಕ್ಕದಲ್ಲಿ ಹೋಗುತ್ತದೆ. ಬಾಳೆನಾರನ್ನು ನೀರಿನಲ್ಲಿ ನೆನೆಸಿಟ್ಟುಕೊಂಡು, ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಇಟ್ಟು, ಬೆರಳ ತುದಿಯಲ್ಲಿ ಒಂದು ಕುಣಿಕೆ ಹಾಕಿ ಎಳೆಯುವ ಹೆಂಗಸರು ತಮ್ಮ ಕೈಯನ್ನು ನೋಡುವುದೇ ಇಲ್ಲ. ಮಾತು ಒಂದು ಕಡೆ, ಕಣ್ಣು ಗಿರಾಕಿಯ ಕಡೆ, ಮಾಲೆ ಮಾತ್ರ ತನ್ನಷ್ಟಕ್ಕೆ ಉದ್ದವಾಗುತ್ತಿರುತ್ತದೆ. ಒಂದು ಮಾತು ನೆನಪಿರಲಿ. ಅದು ಬೋಣಿಯ ಹೊತ್ತು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕೇಳಿ, ಚೌಕಾಸಿ ಮಾಡಿ, ಬರಿಗೈಯಲ್ಲಿ ತಿರುಗಿ ಬರುವುದು ಅವರಿಗೆ ನೋವಿನ ಸಂಗತಿ. ಒಂದು ಮಾರು ಹೂವು ಕೊಂಡು, ಆಮೇಲೆ ಕೇಳಿ ಫೋಟೊ ತೆಗೆಯಿರಿ.

ಕೋಟೆಯ ಅವಶೇಷ, ಅರಮನೆಗಳ ವಿಷಯದಲ್ಲಿ ನಾನು ಹೆಚ್ಚು ನಿಲ್ಲುವುದಿಲ್ಲ, ಏಕೆಂದರೆ ಅವುಗಳ ಬಗ್ಗೆ ಫಲಕಗಳೇ ಮಾತಾಡುತ್ತವೆ. ಮಾರುಕಟ್ಟೆಯ ಹತ್ತಿರದಲ್ಲೇ ಹೈದರಾಲಿಯ ಕಲ್ಲಿನ ಕೋಟೆಯ ಉಳಿದ ತುಂಡಿದೆ. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ 1791ರ ಮಾರ್ಚ್ 21ರಂದು ಒಡೆದು ನುಗ್ಗಿದ ಜಾಗವನ್ನು ಒಂದು ಕಲ್ಲು ತೋರಿಸುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನವೂ, ಅದರ ಪಕ್ಕದಲ್ಲಿ ಹೈದರನ ಕಾಲದಲ್ಲಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ, 1791ರಲ್ಲಿ ಮುಗಿದ ತೇಗದ ಮರದ ಬೇಸಿಗೆ ಅರಮನೆಯೂ ಇವೆ. ಅಠಾರ ಕಚೇರಿ, ಎಂದರೆ ಇಂದಿನ ಹೈಕೋರ್ಟ್ ಕಟ್ಟಡ, ಸಿದ್ಧವಾಗಿ 1868ರಲ್ಲಿ ಅಲ್ಲಿಗೆ ಸಾಗುವವರೆಗೂ ಸರ್ಕಾರದ ಕಚೇರಿಗಳು ಈ ಅರಮನೆಯಲ್ಲಿಯೇ ನಡೆಯುತ್ತಿದ್ದವು. ಕಮಾನುಗಳ ನಡುವೆ ತಂಪಾಗಿ ಕುಳಿತು ಹತ್ತು ನಿಮಿಷ ದಣಿವಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಆ ಕಡೆ ಇನ್ನೊಂದಿಲ್ಲ.

ಅಷ್ಟರಲ್ಲಿ ಹೊಟ್ಟೆ ಹಸಿದಿರುತ್ತದೆ. ಪೇಟೆಯ ತಿಂಡಿಯ ಬಗ್ಗೆ ನನ್ನದೊಂದು ಖಚಿತವಾದ ಅಭಿಪ್ರಾಯವಿದೆ: ಅಲ್ಲಿನ ರುಚಿಯನ್ನು ರೂಪಿಸಿದ್ದು ಅಲ್ಲಿ ದುಡಿಯುವವರ ಹಸಿವು. ಮುಂಜಾನೆಯಿಂದ ಮೂಟೆ ಹೊರುವ ಹಮಾಲಿಗೆ, ಕೈಗಾಡಿ ತಳ್ಳುವವನಿಗೆ, ಹಳ್ಳಿಯಿಂದ ಸರಕು ತಂದ ರೈತನಿಗೆ, ಮಧ್ಯಾಹ್ನದವರೆಗೆ ಗಾದಿ ಬಿಟ್ಟೇಳಲಾಗದ ಜವಳಿ ವ್ಯಾಪಾರಿಗೆ ಬೇಕಾದ ಊಟ ಬೇರೆ ಬೇರೆ. ಆದ್ದರಿಂದಲೇ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಅಡುಗೆಗಳು ಒಟ್ಟಿಗೆ ಬಾಳುತ್ತಿವೆ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ಪ್ರಸಿದ್ಧ. ಆಲೂಗಡ್ಡೆ ಪಲ್ಯದ ಜಾಗದಲ್ಲಿ ತರಕಾರಿ ಸಾಗು ಇರುವ ಆ ದೋಸೆಯನ್ನು ತಿಂದ ಮೇಲೆ ಒಂದು ಲೋಟ ಕಾಫಿ ಕುಡಿಯದೆ ಎದ್ದು ಬರುವುದು ತಪ್ಪು ಎಂದೇ ನನ್ನ ಭಾವನೆ. ಚಿಕ್ಕಪೇಟೆ, ನಗರ್ತಪೇಟೆಗಳ ಗಲ್ಲಿಗಳಲ್ಲಿ ರಾಜಸ್ಥಾನ, ಗುಜರಾತುಗಳಿಂದ ಬಂದು ನೆಲೆಸಿದ ವ್ಯಾಪಾರಿ ಕುಟುಂಬಗಳ ಬೆನ್ನಿಗೆ ಬಂದ ಕಚೋರಿ, ಜಿಲೇಬಿ, ಬಾದಾಮಿ ಹಾಲುಗಳಿವೆ.

ಮಾಂಸಾಹಾರದ ಊಟ ಬಡಿಸುವ ಮಿಲಿಟರಿ ಹೋಟೆಲುಗಳ ಬಗ್ಗೆ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೆಂಗಳೂರಿನ ಮಾಂಸಾಹಾರದ ಚರಿತ್ರೆಯಲ್ಲಿ ಇಲ್ಲಿನ ಮರಾಠಾ ಕುಟುಂಬಗಳ ಪಾಲು ದೊಡ್ಡದು. ಕಾಟನ್‌ಪೇಟೆಯ ಆಸುಪಾಸಿನ ಎಸ್. ಗೋವಿಂದರಾವ್ ಮಿಲಿಟರಿ ಹೋಟೆಲ್ 1908ರಿಂದ ನಡೆದುಬಂದಿದೆ. ದೊನ್ನೆ ಬಿರಿಯಾನಿಯನ್ನು ಮೊದಲ ಬಾರಿ ತಿನ್ನುವವರು ಹೈದರಾಬಾದಿನ ಬಿರಿಯಾನಿಯನ್ನು ಮನಸ್ಸಿನಿಂದ ತೆಗೆದುಹಾಕಬೇಕು. ಇಲ್ಲಿ ಕೇಸರಿಯಿಲ್ಲ, ಉದ್ದನೆಯ ಬಾಸುಮತಿಯಿಲ್ಲ. ಜೀರಿಗೆ ಸಾಂಬಾದಂಥ ಸಣ್ಣ ಅಕ್ಕಿಗೆ ಪುದೀನ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆ ಬಿದ್ದು ಅನ್ನವೆಲ್ಲ ತಿಳಿಹಸಿರಾಗಿರುತ್ತದೆ. ಒಣಗಿದ ಎಲೆಯ ದೊನ್ನೆಗೆ ಬಿಸಿ ಅನ್ನ ಬಿದ್ದ ಕೂಡಲೇ ಎಲೆಯದೂ ಒಂದು ಪರಿಮಳ ಅದಕ್ಕೆ ಸೇರುತ್ತದೆ. ಕೈಮಾ ಉಂಡೆ, ಚಾಪ್ಸ್, ಕಾಲು ಸೂಪು, ರಾಗಿಮುದ್ದೆ ಇವೆಲ್ಲ ಅದರ ಜೊತೆಗಿನವು. ತಡವಾಗಿ ಹೋದರೆ ಬೇಕಾದದ್ದು ಮುಗಿದಿರುತ್ತದೆ. ಹಂಡೆಯಲ್ಲಿ ಮಾಡಿದ್ದು ಅಂದಿಗೆ ಅಷ್ಟೇ.

ಊಟವಾದ ಮೇಲೆ ದೊಡ್ಡಪೇಟೆಗೆ ಬರೋಣ. ಪುಸ್ತಕದ ಅಂಗಡಿಗಳು, ಲಗ್ನಪತ್ರಿಕೆಯ ಅಂಗಡಿಗಳು, ಚಿನ್ನ ಬೆಳ್ಳಿಯ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿರುವ ಈ ಬೀದಿಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೊರತಂದ ಬಿ.ಎಲ್. ರೈಸ್ ಅವರ ತಂದೆ, ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನದು ಅದು. ಕನ್ನಡದ ಇತಿಹಾಸ ಓದುವವರು ಅದರ ಮುಂದೆ ಒಂದು ಕ್ಷಣವಾದರೂ ನಿಲ್ಲಬೇಕು. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಪರೀಕ್ಷೆಯ ಪಠ್ಯಗಳು ಎನ್ನುವುದು ನಿಜ. ಆದರೆ ರಾಶಿಯ ಅಡಿಯಲ್ಲಿ ಹಳೆಯ ಪಂಚಾಂಗ, ನಿಂತುಹೋದ ಮಾಸಪತ್ರಿಕೆಗಳ ಸಂಪುಟ, ಯಾವುದೋ ಶಾಲೆಯ ಬಹುಮಾನದ ಚೀಟಿ ಅಂಟಿಸಿದ ಪದ್ಯದ ಪುಸ್ತಕ ಸಿಗುವುದುಂಟು.

ಇದೇ ಬೀದಿಗಳಲ್ಲಿ ‘ಹಳೆಯ ಜರಿ ಸೀರೆ ಕೊಳ್ಳಲಾಗುತ್ತದೆ’ ಎಂಬ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಆ ಅಂಗಡಿಯವರು ಸೀರೆಯ ಬಣ್ಣವನ್ನಾಗಲಿ ಸೆರಗಿನ ಕೆಲಸವನ್ನಾಗಲಿ ಮೊದಲು ನೋಡುವುದಿಲ್ಲ. ಅಂಚಿನಿಂದ ಒಂದೆಳೆ ಜರಿಯನ್ನು ಎಳೆದು ಉಗುರಿನಿಂದ ಕೆರೆಯುತ್ತಾರೆ. ಒಳಗೆ ಕೆಂಪು ರೇಷ್ಮೆಯ ನೂಲು ಕಂಡರೆ ಅದು ಅಸಲಿ ಜರಿ, ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ನೀರು ಹಾಕಿದ್ದು. ಆಮೇಲೆ ಒರೆಗಲ್ಲು, ತಕ್ಕಡಿ. ಕೊಂಡ ಸೀರೆಗಳ ಜರಿಯನ್ನು ಸುಟ್ಟು ಬೆಳ್ಳಿಯನ್ನು ತೆಗೆಯುತ್ತಾರೆ. ಒಂದು ತಲೆಮಾರಿನ ಧಾರೆಸೀರೆಗಳು ಹೀಗೆ ಬೂದಿಯಾಗುತ್ತಿರುವುದು ನನ್ನ ಮನಸ್ಸಿಗೆ ಬಹಳ ಸಂಕಟ ಕೊಡುತ್ತದೆ. ಅಜ್ಜಿಯ ಸೀರೆಯನ್ನು ಮಾರಲೇಬೇಕಾದವರು, ಕಡೇಪಕ್ಷ ಅದರ ಅಂಚು, ಸೆರಗುಗಳ ಚಿತ್ರವನ್ನು ತೆಗೆದಿಟ್ಟುಕೊಂಡು, ಯಾವ ಊರಿನ ನೇಯ್ಗೆ, ಯಾವ ವರ್ಷದ ಮದುವೆ ಎಂದು ಬರೆದಿಡಲಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಪಾತ್ರೆಗಳ ಕಥೆಯೂ ಇಂಥದ್ದೇ. ಗುಂಡೋಪಂತ್ ಬೀದಿಯ ಕಡೆಯ ಪಾತ್ರೆ ಅಂಗಡಿಗಳಲ್ಲಿ ಹಳೆಯ ಹಿತ್ತಾಳೆ, ತಾಮ್ರಗಳು ತೂಕದ ಲೆಕ್ಕದಲ್ಲಿ ಬಂದು ಬೀಳುತ್ತವೆ. ಕೊಳಗ, ತಪ್ಪಲೆ, ಚೊಂಬುಗಳ ಕಂಠದ ಸುತ್ತ ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳನ್ನು ಬೆರಳಿನಿಂದ ಸವರಿ ಓದಬಹುದು: ಕೊಟ್ಟವರ ಹೆಸರು, ಒಮ್ಮೊಮ್ಮೆ ತಾರೀಖು. ಮದುವೆಯ ಉಡುಗೊರೆಯ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಕೊರೆಸಿಕೊಡುವ ಪದ್ಧತಿ ಇತ್ತಲ್ಲ, ಅದರ ಗುರುತು ಅದು. ಶಾಸನದಲ್ಲಿ ಅರಸರ ಹೆಸರು ಓದಿ ಸಂತೋಷಪಡುವ ನಾವು ಈ ಪಾತ್ರೆಗಳ ಮೇಲಿನ ಹೆಸರುಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ಕೊಂಡ ಪಾತ್ರೆಯನ್ನು ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಿಕೊಳ್ಳಬೇಕು. ಹುಳಿ ಬಿದ್ದರೆ ಹಿತ್ತಾಳೆ ಕಿಲುಬುತ್ತದೆ.

ಭಾನುವಾರ ಪೇಟೆಯ ಮುಖವೇ ಬೇರೆ. ಅಂದು ಹೆಚ್ಚಿನ ಸಗಟು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಆ ಮುಚ್ಚಿದ ಬಾಗಿಲುಗಳ ಮುಂದಿನ ಜಾಗವೇ ಸಂಡೇ ಬಜಾರಿಗೆ ಸಂತೆಮಾಳ. ಅವೆನ್ಯೂ ರಸ್ತೆ, ಎಸ್.ಪಿ. ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಆಸುಪಾಸಿನಲ್ಲಿ ಗೋಣಿತಾಟಿನ ಮೇಲೆ ಕೀ ಕೊಡುವ ಗಡಿಯಾರ, ವಾಲ್ವ್ ರೇಡಿಯೊ, ಹಿತ್ತಾಳೆ ನಲ್ಲಿ, ಬಾಗಿಲ ಚಿಲಕ, ಹಳೆಯ ಕ್ಯಾಮೆರಾ, ಗ್ರಾಮಫೋನ್ ತಟ್ಟೆಗಳು ಹರಡಿಕೊಳ್ಳುತ್ತವೆ. ಕಟ್ಟಡ ಕೆಡವಿದ ಕಡೆಯಿಂದ ಬಂದ ಚಿಲಕ, ಅಗುಳಿಗಳನ್ನು ಮನೆ ರಿಪೇರಿ ಮಾಡಿಸುವವರು ಅವಶ್ಯವಾಗಿ ನೋಡಬೇಕು. ಎರಕ ಹೊಯ್ದ ಹಳೆಯ ಹಿತ್ತಾಳೆಯ ಗಟ್ಟಿತನ ಹೊಸದರಲ್ಲಿಲ್ಲ. ಗಡಿಯಾರ ಕೊಳ್ಳುವವರು ಹಿಂದಿನ ಮುಚ್ಚಳ ತೆಗೆಸಿ ಒಳಗಿನ ಯಂತ್ರ ನೋಡದೆ ದುಡ್ಡು ಕೊಡಬಾರದು.

ಇನ್ನು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಲ್ಲಿಗೆಯ ಹೂವಿನ ಕರಗ ಹೊರಡುತ್ತದೆ. ಹೂವಿನಿಂದ ಅಲಂಕರಿಸಿದ ಆ ಕರಗವನ್ನು ತಲೆಯ ಮೇಲೆ ಹೊತ್ತ, ಹೆಂಗಸಿನ ಉಡುಗೆ ತೊಟ್ಟ ಪೂಜಾರಿ, ಅವರ ಸುತ್ತ ಕತ್ತಿ ಹಿಡಿದ ವೀರಕುಮಾರರು. ಮೆರವಣಿಗೆ ಬೀದಿಬೀದಿ ಸುತ್ತಿ, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ತೋಟಗಾರಿಕೆಯೇ ಕುಲಕಸುಬಾದ ತಿಗಳ ಸಮುದಾಯದ ಹಬ್ಬ ಇದು ಎನ್ನುವುದನ್ನು ನೆನೆದರೆ, ಬೆಳಗಿನ ಹೂವಿನ ಮಾರುಕಟ್ಟೆಗೂ ಈ ರಾತ್ರಿಗೂ ಇರುವ ನಂಟು ಅರ್ಥವಾಗುತ್ತದೆ. ವರ್ಷದಲ್ಲಿ ಒಂದು ರಾತ್ರಿ ಮಾತ್ರ ಪೇಟೆಯ ಬೀದಿಗಳನ್ನು ಸರಕಿನ ಗಾಡಿಗಳಿಲ್ಲದೆ, ಮನೆಗಳ ಮುಂದಿನ ರಂಗೋಲಿಗಳೊಂದಿಗೆ ನೋಡುವ ಅವಕಾಶ ಸಿಗುತ್ತದೆ.

2017ರಲ್ಲಿ ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆಗಳಿಗೆ ಮೆಟ್ರೊ ಬಂದ ಮೇಲೆ ಪೇಟೆಗೆ ಹೋಗುವುದು ಸುಲಭವಾಗಿದೆ. ವಾಹನ ತೆಗೆದುಕೊಂಡು ಹೋಗಬೇಡಿ. ಆದರೆ ಅದೇ ಕಾಲದಲ್ಲಿ ಜಗಲಿ, ಮರದ ಕಂಬ, ನಡುಅಂಗಳಗಳಿದ್ದ ಮನೆಗಳು ಒಂದೊಂದಾಗಿ ಗೋದಾಮುಗಳಾಗುತ್ತಿವೆ, ಇಲ್ಲವೇ ನೆಲಕ್ಕೆ ಬೀಳುತ್ತಿವೆ. ಮಾಲೀಕರನ್ನು ದೂರಿ ಫಲವಿಲ್ಲ. ಅಣ್ಣತಮ್ಮಂದಿರ ಪಾಲು, ಏರಿದ ಜಾಗದ ಬೆಲೆ, ರಿಪೇರಿಗೆ ಸಿಗದ ಮರಗೆಲಸದವರು, ಇವೆಲ್ಲ ಅವರ ತಲೆಯ ಮೇಲಿವೆ. ನಾವು ಮಾಡಬಹುದಾದ ಕೆಲಸವೊಂದಿದೆ. ಪೇಟೆಯಲ್ಲಿ ನಿಮಗೆ ನೆಂಟರ ಮನೆಯೋ ಪರಿಚಯದ ಅಂಗಡಿಯೋ ಇದ್ದರೆ, ಅನುಮತಿ ಕೇಳಿ ಒಳಗೆ ಹೋಗಿ, ಕಂಬದ ಬೋದಿಗೆ, ಬಾಗಿಲವಾಡದ ಕೆತ್ತನೆ, ಬೆಳಕಿಂಡಿ, ಅಟ್ಟದ ಏಣಿಗಳ ಅಳತೆ, ಚಿತ್ರಗಳನ್ನು ತೆಗೆದುಕೊಳ್ಳಿ; ಮನೆಯ ಹಿರಿಯರು ಯಾವ ಕೋಣೆಯಲ್ಲಿ ಏನು ದಾಸ್ತಾನು ಇರುತ್ತಿತ್ತೆಂದು ಹೇಳುವುದನ್ನು ಬರೆದುಕೊಳ್ಳಿ. ಈಗಾಗಲೇ ಅಂಥ ಚಿತ್ರಗಳು ಯಾರ ಬಳಿಯಾದರೂ ಇದ್ದರೆ ಪ್ರಶ್ನೋತ್ತರದ ನಂತರ ದಯವಿಟ್ಟು ನನ್ನೊಂದಿಗೆ ಮಾತಾಡಿ. ನಗರ್ತಪೇಟೆ ಮತ್ತು ಕಬ್ಬನ್‌ಪೇಟೆಗಳ ನೇಕಾರರ ಮನೆಗಳ ಚಿತ್ರಗಳನ್ನು ನಾನು ವಿಶೇಷವಾಗಿ ಹುಡುಕುತ್ತಿದ್ದೇನೆ.