ಡಯಟ್ ಮಾಡುವವರ ನಿದ್ದೆ ಮತ್ತು ರಾತ್ರಿಯ ಅರ್ಧ ಮುದ್ದೆ

ನಮಸ್ಕಾರ. ತೂಕ ಇಳಿಸಲು ಹೊರಟವರು ನಮ್ಮ ಕೋಲಾರದ ಕಡೆ ಎಲ್ಲಕ್ಕಿಂತ ಮೊದಲು ಕೈಬಿಡುವುದು ರಾತ್ರಿಯ ಮುದ್ದೆಯನ್ನು. ಸೌತೆಕಾಯಿಯ ನಾಲ್ಕು ಹೋಳು, ಒಂದು ಲೋಟ ಮಜ್ಜಿಗೆ, ಅಷ್ಟಕ್ಕೇ ಊಟ ಮುಗಿಯಿತೆಂದು ಹತ್ತು ಗಂಟೆಗೆ ದೀಪ ಆರಿಸಿ ಮಲಗಿದರೆ ಹನ್ನೊಂದೂವರೆಯಾದರೂ ಕಣ್ಣಿಗೆ ಕಣ್ಣು ಹತ್ತುವುದಿಲ್ಲ; ಟೊಮೆಟೊ ಹೊತ್ತ ಲಾರಿ ಮುಖ್ಯರಸ್ತೆಯಲ್ಲಿ ಗೇರು ಬದಲಿಸುವುದೂ ಕಿವಿಗೆ ಬೀಳುತ್ತದೆ. ಇದನ್ನು ಮನೋಬಲದ ಕೊರತೆ ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ ಮಂದಿ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ಹಸಿದ ದೇಹ ಎಚ್ಚರವಾಗಿರುವುದಕ್ಕೆ ಮೆದುಳಿನೊಳಗೇ ಕಾರಣವಿದೆ. ಹೈಪೊಥಲಾಮಸ್ ಎಂಬ ಭಾಗದ ಕೆಲವು ನರಕೋಶಗಳು ಒರೆಕ್ಸಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ ನಮ್ಮನ್ನು ಎಚ್ಚರದಲ್ಲಿಡುತ್ತವೆ. 1998ರಲ್ಲಿ ಪತ್ತೆಯಾದ ಈ ವಸ್ತುವಿನ ವಿಶೇಷವೆಂದರೆ, ರಕ್ತದ ಗ್ಲೂಕೋಸ್ ಇಳಿದಾಗ ಮತ್ತು ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರಿದಾಗ ಅದನ್ನು ಸ್ರವಿಸುವ ಕೋಶಗಳು ಇನ್ನಷ್ಟು ಚುರುಕಾಗುತ್ತವೆ. ಅವುಗಳನ್ನು ಸುಮ್ಮನಿರಿಸಬೇಕಾದ ಲೆಪ್ಟಿನ್ ಎಂಬ ಹಾರ್ಮೋನು ಊಟ ಕಡಿಮೆ ಮಾಡಿದವರಲ್ಲಿ ತಾನೇ ಕುಸಿದಿರುತ್ತದೆ. ಹೊಟ್ಟೆ ತುಂಬದ ಪ್ರಾಣಿ ಮಲಗದೆ ಎದ್ದು ಆಹಾರ ಹುಡುಕಲಿ ಎಂಬುದೇ ಈ ಏರ್ಪಾಡು. ನಮ್ಮ ವಿಷಯದಲ್ಲಿ ಆ ಹುಡುಕಾಟ ಫ್ರಿಜ್‌ನ ಬಾಗಿಲಲ್ಲೋ, ಹುರಿದ ಕಡಲೆಕಾಯಿಯ ಡಬ್ಬದಲ್ಲೋ ಕೊನೆಗೊಳ್ಳುತ್ತದೆ.

ನಿದ್ದೆ ಕೆಟ್ಟರೂ ತೂಕ ಇಳಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ಹೇಳಲೇಬೇಕು. ತೂಕ ಹೆಚ್ಚಿದ್ದ 10 ಮಂದಿಗೆ ಮಿತ ಆಹಾರ ಕೊಟ್ಟು, 14 ದಿನ ಹಾಸಿಗೆಯಲ್ಲಿ ಎಂಟೂವರೆ ಗಂಟೆಯ ಅವಕಾಶವನ್ನೂ, ಇನ್ನೊಂದು ಸರದಿಯಲ್ಲಿ ಅಷ್ಟೇ ದಿನ ಐದೂವರೆ ಗಂಟೆಯ ಅವಕಾಶವನ್ನೂ ನೀಡಿದರು. ಎರಡೂ ಸರದಿಯಲ್ಲಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು 3 ಕಿಲೊ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೊ ಕೊಬ್ಬಾಗಿದ್ದರೆ, ನಿದ್ದೆಗೆಟ್ಟಾಗ ಕರಗಿದ ಕೊಬ್ಬು 0.6 ಕಿಲೊ ಮಾತ್ರ; ಉಳಿದದ್ದು ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗದಿಂದ ಹೋಯಿತು. ಹತ್ತೇ ಜನರ ಪ್ರಯೋಗ, ನಿಜ. ಆದರೂ ತೂಕದ ಯಂತ್ರದ ಮುಳ್ಳು ನೋಡಿ ಹಿಗ್ಗುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಾಗಾಗಿ ನಮ್ಮ ಮನೆಯಲ್ಲಿ ಕಡಿತವನ್ನು ಹಗಲಿಗೆ ತಳ್ಳಿದೆವು. ನೀವು ಈಗ ನೋಡುತ್ತಿರುವುದು ಅಮ್ಮ ಮುದ್ದೆ ಕಟ್ಟುವುದನ್ನು: ಕುದಿಯುವ ಎಸರಿಗೆ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ನೀರು ಮುಟ್ಟಿದ ಕೈಯಲ್ಲಿ ಉರುಟು ಮಾಡಿ ನನ್ನ ತಟ್ಟೆಗೆ ಇಡುವುದು ಸಣ್ಣ ಕಿತ್ತಳೆಯ ಗಾತ್ರದ್ದು. “ಇದೇನು ಗುಬ್ಬಿಗಾ, ನಿನಗಾ?” ಎಂದು ಅಮ್ಮ ಈಗಲೂ ಕೇಳುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕಿಲೊ ಕ್ಯಾಲೊರಿ ಇರುವುದರಿಂದ, ಐವತ್ತು ಗ್ರಾಂ ಹಿಟ್ಟಿನ ಈ ಮುದ್ದೆಗೆ 160ರಷ್ಟಾಗುತ್ತದೆ. ಸಂಜೆ ಕಾಫಿಯ ಜೊತೆ ತಿನ್ನುತ್ತಿದ್ದ ನಿಪ್ಪಟ್ಟು ಬಿಟ್ಟರೆ ಅದರ ಲೆಕ್ಕ ಸರಿಹೋಗುತ್ತದೆ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಬಸಿದ ಕಾಳು ಮತ್ತು ಸೊಪ್ಪಿನ ಪಲ್ಯ ಇದ್ದರೆ ಪ್ರೊಟೀನೂ ನಾರೂ ಸಿಗುವುದರಿಂದ ಬೇಗ ಹಸಿವಾಗುವುದಿಲ್ಲ. ಏಳೂವರೆಗೆ ಉಂಡು ಹತ್ತೂವರೆಗೆ ಮಲಗುತ್ತೇನೆ. ಉಂಡ ಕೂಡಲೇ ಮಲಗಿದರೆ ಎದೆಯುರಿ ಬಂದು ನಿದ್ದೆ ಮತ್ತೆ ಕೆಡುತ್ತದೆ.

ಸಂಜೆಯ ಕಾಫಿಯನ್ನೂ ಬಿಟ್ಟಿದ್ದೇನೆ. ಹಸಿವು ಕೊಲ್ಲಲು ಸಕ್ಕರೆಯಿಲ್ಲದ ಕಾಫಿ ಕುಡಿಯುವುದು ಡಯಟ್ ಮಾಡುವವರ ಹಳೆಯ ಉಪಾಯ, ಆದರೆ ಅದರ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯಾದರೂ ಬೇಕು. ಆರಕ್ಕೆ ಕುಡಿದದ್ದರ ಅರ್ಧ ಹನ್ನೊಂದಕ್ಕೂ ಒಳಗೇ ಇರುತ್ತದೆ. ಹೊಟ್ಟೆ ತುಂಬಿಸಲು ಮಲಗುವ ಮುನ್ನ ಚೊಂಬುಗಟ್ಟಲೆ ನೀರು ಕುಡಿಯುವುದರ ಫಲ ಏನೆಂದು ಹೇಳಬೇಕಾಗಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿಯ ಊಟವನ್ನು ವೈದ್ಯರನ್ನು ಕೇಳದೆ ಕಡಿಮೆ ಮಾಡಬಾರದು, ಏಕೆಂದರೆ ಮಲಗಿದ್ದಾಗ ರಕ್ತದ ಸಕ್ಕರೆ ವಿಪರೀತ ಇಳಿದುಬಿಡಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿ ಏಳುವವರ ಸಮಸ್ಯೆಯೂ ಬೇರೆ; ಅವರಿಗೆ ಬೇಕಾದದ್ದು ತಪಾಸಣೆ, ಮುದ್ದೆಯ ಲೆಕ್ಕವಲ್ಲ.

ಇನ್ನು ಚಳಿ ಶುರುವಾದರೆ ಅವರೆಕಾಯಿ ಬರುತ್ತದೆ, ಮನೆಯಲ್ಲಿ ದಿನ ಬಿಟ್ಟು ದಿನ ಹಿತಕಿದಬೇಳೆ ಸಾರು. ಅದರ ಮುಂದೆ ಈ ಕಿತ್ತಳೆ ಗಾತ್ರದ ಮುದ್ದೆ ಎಷ್ಟು ದಿನ ನಿಲ್ಲುತ್ತದೋ ನಾನು ಭರವಸೆ ಕೊಡಲಾರೆ. ಆ ತಿಂಗಳಿಗೆ ಬೆಳಗಿನ ತಿಂಡಿಯಲ್ಲಿ ಏನು ಕಡಿಮೆ ಮಾಡಬಹುದೆಂದು ಮುಂದಿನ ವಿಡಿಯೊದಲ್ಲಿ ತೂಗಿ ತೋರಿಸುತ್ತೇನೆ.